ನೀರು ಹಾಕಿದರೆ ಬೈಕ್ ಓಡುತ್ತದೆಯೇ? 1840ರಲ್ಲೇ ಉತ್ತರ ಕೊಟ್ಟಿದ್ದ ಡಾಕ್ಟರ್ ಹೆಸ್

ಬ್ಯಾಟರಿಯಿಂದ ನೀರನ್ನು ಒಡೆದು, ಬಂದ ಹೈಡ್ರೋಜನ್ ಉರಿಸಿ ಬೈಕ್ ಓಡಿಸುವ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಪೆಟ್ರೋಲ್ ಬೇಡ, ಕಿಟ್ ಸಾಕು ಎನ್ನುತ್ತದೆ ಫಾರ್ವರ್ಡ್. ಕಿಟ್‌ಗೆ ದುಡ್ಡು ಕಳಿಸುವ ಮೊದಲು ಜರ್ಮೈನ್ ಹೆಸ್ ಅವರ ಕತೆ ಓದಿ.

ಹೆಸ್ ಹುಟ್ಟಿದ್ದು 1802ರಲ್ಲಿ, ಜಿನೀವಾದಲ್ಲಿ. ತಂದೆ ಚಿತ್ರಕಲಾವಿದ. ಹೆಸ್ ಚಿಕ್ಕ ಮಗುವಾಗಿದ್ದಾಗಲೇ ಕುಟುಂಬ ರಷ್ಯಾಕ್ಕೆ ಹೋಯಿತು. ಅವರು ಓದಿದ್ದು ವೈದ್ಯಕೀಯ. ಸೈಬೀರಿಯಾದ ಇರ್ಕುಟ್ಸ್ಕ್‌ನಲ್ಲಿ ಡಾಕ್ಟರಾಗಿಯೂ ಇದ್ದರು. ಮನಸ್ಸು ಮಾತ್ರ ರಸಾಯನಶಾಸ್ತ್ರದಲ್ಲಿತ್ತು. 1830ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಮರಳಿ ಪೂರ್ತಿಯಾಗಿ ಅದಕ್ಕೇ ಇಳಿದರು.

ಅಲ್ಲಿ ಅವರು ಸಲ್ಫ್ಯೂರಿಕ್ ಆಮ್ಲಕ್ಕೆ ಅಮೋನಿಯಾ ಸೇರಿಸಿ ಎಷ್ಟು ಶಾಖ ಬರುತ್ತದೆ ಎಂದು ಅಳೆದರು. ಆಮೇಲೆ ಅದೇ ಆಮ್ಲಕ್ಕೆ ಮೊದಲು ನೀರು ಬೆರೆಸಿದರು, ಆಗಲೂ ಬಿಸಿಯಾಯಿತು. ನಂತರ ಅಮೋನಿಯಾ ಸೇರಿಸಿದರು. ಎರಡೂ ಹಂತದ ಶಾಖ ಕೂಡಿದರೆ ಲೆಕ್ಕ ಮೊದಲಿನಷ್ಟೇ! 1840ರಲ್ಲಿ ಇದನ್ನೇ ನಿಯಮವಾಗಿ ಪ್ರಕಟಿಸಿದರು. ಶಕ್ತಿ ಸಂರಕ್ಷಣೆಯ ತತ್ವವೇ ಆಗಿನ್ನೂ ರೂಪುಗೊಂಡಿರಲಿಲ್ಲ.

ದಾಂಡೇಲಿಯಿಂದ ಕಾರವಾರಕ್ಕೆ ಜೋಯಿಡಾ ಮೇಲಿಂದ ಅಣಶಿ ಘಟ್ಟ ಇಳಿಯಿರಿ, ಇಲ್ಲವೇ ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟ ಇಳಿಯಿರಿ. ಕಿಲೋಮೀಟರ್ ಬೇರೆ, ತಿರುವು ಬೇರೆ. ಎರಡೂ ಊರುಗಳ ಎತ್ತರದ ವ್ಯತ್ಯಾಸ ಮಾತ್ರ ಒಂದೇ. (ಬಸ್ಸಿನಲ್ಲಿ ವಾಂತಿ ಬರುವುದು ದಾರಿಯನ್ನು ಅವಲಂಬಿಸಿದೆ, ಅದು ಬೇರೆ ವಿಷಯ.)

ಆರೋಗ್ಯ ಕೆಟ್ಟು 1850ರಲ್ಲಿ ತೀರಿಕೊಂಡಾಗ ಹೆಸ್‌ಗೆ 48 ವರ್ಷ. ಬಂಧಶಕ್ತಿಯ ಪಟ್ಟಿಗಳು ಬಂದಿದ್ದು ಅವರ ನಂತರ. ಆದರೆ ಆ ಲೆಕ್ಕ ನಿಂತಿರುವುದು ಅವರ ನಿಯಮದ ಮೇಲೆಯೇ. ದಾರಿ ಯಾವುದಾದರೂ ಸರಿ ಎಂದಮೇಲೆ, ಎಲ್ಲ ಅಣುಗಳನ್ನೂ ಪರಮಾಣುಗಳಾಗಿ ಒಡೆದು ಮತ್ತೆ ಜೋಡಿಸಿದಂತೆ ಕಾಗದದ ಮೇಲೆ ಊಹಿಸಿಕೊಳ್ಳಬಹುದು. ಬಂಧ ಮುರಿಯಲು ನಾವು ಶಕ್ತಿ ಕೊಡಬೇಕು, ಬಂಧ ಕೂಡಿದಾಗ ಶಕ್ತಿ ಹೊರಬರುತ್ತದೆ. ಬಹಳಷ್ಟು ಜನ ಇದನ್ನು ತಿರುವುಮುರುವು ತಿಳಿದಿದ್ದಾರೆ.

4 ಗ್ರಾಂ ಹೈಡ್ರೋಜನ್, 32 ಗ್ರಾಂ ಆಕ್ಸಿಜನ್ ತೆಗೆದುಕೊಳ್ಳಿ. ಹೈಡ್ರೋಜನ್ ಬಂಧಗಳಿಗೆ 436ರಂತೆ ಎರಡು ಪಾಲು, ಆಕ್ಸಿಜನ್‌ಗೆ 498, ಒಟ್ಟು 1370 ಕಿಲೋಜೂಲ್ ಖರ್ಚು. ನೀರಾಗುವಾಗ ಕೂಡುವ ಬಂಧಗಳಿಂದ 463ರಂತೆ ನಾಲ್ಕು ಪಾಲು, ಅಂದರೆ 1852 ವಾಪಸ್. ಲಾಭ 482. ಪಟ್ಟಿಯ ಅಂಕಿಗಳು ಸರಾಸರಿ, ಹಾಗಾಗಿ ಇದು ಅಂದಾಜು. ಅಳತೆ ಮಾಡಿದರೆ ಆವಿರೂಪದ ನೀರಿಗೆ ಸುಮಾರು 484 ಬರುತ್ತದೆ.

ಈಗ ಬೈಕಿಗೆ ಬನ್ನಿ. ಆ 36 ಗ್ರಾಂ ನೀರನ್ನು ಮತ್ತೆ ಒಡೆಯಲು ಅಷ್ಟೇ ಶಕ್ತಿ ಬೇಕು. ದ್ರವರೂಪದ ನೀರಾದರೆ ಇನ್ನೂ ಹೆಚ್ಚು, ಸುಮಾರು 572. ಬಂದದ್ದರಲ್ಲಿ ದೊಡ್ಡ ಪಾಲು ಎಂಜಿನ್ ಬಿಸಿಯಾಗುವುದರಲ್ಲೇ ಹೋಗುತ್ತದೆ. ವಿಡಿಯೋದ ಬೈಕ್ ನಿಜಕ್ಕೂ ಓಡುತ್ತಿದ್ದರೆ ಅದರ ಶಕ್ತಿ ಟ್ಯಾಂಕಿನ ಪೆಟ್ರೋಲಿನಿಂದಲೋ ಮೊದಲೇ ಚಾರ್ಜ್ ಮಾಡಿಟ್ಟ ಬ್ಯಾಟರಿಯಿಂದಲೋ ಬರುತ್ತಿದೆ, ಬಾಟಲಿಯ ನೀರಿನಿಂದಲ್ಲ.