ಪೀಟರ್ ಮಾರ್ಕ್ ರೋಜೆ: ಪದಗಳ ನೆರೆಹೊರೆ

ಇಂಗ್ಲಿಷ್ ಸಮಾನಾರ್ಥಕ ಪದಗಳ ಪ್ರಸ್ತಾಪ ಬಂದಾಗಲೆಲ್ಲ ನೆನಪಾಗುವ ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯನಾಗಿದ್ದನು. 1779ರ ಜನವರಿ 18ರಂದು ಲಂಡನ್ನಿನಲ್ಲಿ ಜನಿಸಿದ ಈತನ ತಂದೆ ಜಿನೀವಾ ಮೂಲದ ಪ್ರೊಟೆಸ್ಟಂಟ್ ಪಾದ್ರಿ. ಮಗನಿಗೆ ಐದು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡನು. ಕಾನೂನು ಸುಧಾರಕ ಸ್ಯಾಮ್ಯುಯಲ್ ರಾಮಿಲಿ ಈತನ ಸೋದರಮಾವ. ಎಡಿನ್‌ಬರೋದಲ್ಲಿ 1798ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೇ, ರೋಜೆ ವೈದ್ಯಕೀಯ ಪದವಿ ಪಡೆದನು.

1804ರಲ್ಲಿ ಮ್ಯಾಂಚೆಸ್ಟರಿನ ಆಸ್ಪತ್ರೆಯ ವೈದ್ಯನಾದ ಆತನು ಮರುವರ್ಷ ತನ್ನ ಬರವಣಿಗೆಯ ಅನುಕೂಲಕ್ಕಾಗಿ ಭಾವನೆಗಳ ಆಧಾರದ ಮೇಲೆ ವಿಂಗಡಿಸಿದ ಪದಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡನು. ಅದು ಸುಮಾರು ಅರ್ಧ ಶತಮಾನ ಖಾಸಗಿ ಹಸ್ತಪ್ರತಿಯಾಗಿಯೇ ಉಳಿಯಿತು. ಈ ನಡುವೆ ಗಣನಪಟ್ಟಿಯ ಸುಧಾರಣೆ, ದೃಷ್ಟಿಭ್ರಮೆಯ ಅಧ್ಯಯನ, ಶರೀರಕ್ರಿಯಾಶಾಸ್ತ್ರದ ಗ್ರಂಥ, ರಾಯಲ್ ಸೊಸೈಟಿಯ ಕಾರ್ಯದರ್ಶಿತನ ಹೀಗೆ ಅನೇಕ ಕಾರ್ಯಗಳಲ್ಲಿ ಆತನು ತೊಡಗಿದ್ದನು. 1818ರಲ್ಲಿ ರಾಮಿಲಿಯ ಆತ್ಮಹತ್ಯೆ, 1833ರಲ್ಲಿ ಪತ್ನಿಯ ಸಾವು ಆತನನ್ನು ತೀವ್ರವಾಗಿ ಕಲಕಿದವು. ಕಾರ್ಯದರ್ಶಿ ಸ್ಥಾನದಿಂದ ನಿವೃತ್ತನಾದ ಮೇಲೆ ಹಳೆಯ ಪಟ್ಟಿಯನ್ನು ಕೈಗೆತ್ತಿಕೊಂಡು 1852ರಲ್ಲಿ, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, 'ಥೆಸಾರಸ್' ಪ್ರಕಟಿಸಿದನು. ಗ್ರೀಕ್ ಮೂಲದ ಈ ಹೆಸರಿಗೆ ಭಂಡಾರವೆಂದು ಅರ್ಥ. ನಮ್ಮ 'ಕೋಶ' ಶಬ್ದದ ಮೂಲಾರ್ಥವೂ ಇದಕ್ಕೆ ದೂರವಲ್ಲ.

ನಿಘಂಟು ಪದದಿಂದ ಅರ್ಥಕ್ಕೆ ಸಾಗಿದರೆ, ರೋಜೆಯ ಗ್ರಂಥ ಅರ್ಥದಿಂದ ಪದಕ್ಕೆ ಸಾಗುತ್ತದೆ. ಆರು ವರ್ಗಗಳು, ಸಾವಿರ ಶೀರ್ಷಿಕೆಗಳು. ಪರಸ್ಪರ ವಿರುದ್ಧವಾದ ಭಾವನೆಗಳು ಎದುರುಬದುರು ಅಂಕಣಗಳಲ್ಲಿ. ಈ ಕ್ರಮ 'ಅಮರಕೋಶ'ವನ್ನು ಬಲ್ಲವರಿಗೆ ಅಪರಿಚಿತವೆನಿಸದು. 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕೋಲ್‌ಬ್ರೂಕನ ಆವೃತ್ತಿಯ ಮೂಲಕ ರೋಜೆಗೂ ಅದು ತಿಳಿದಿತ್ತು. ಆದರೆ ಅದರ ವರ್ಗೀಕರಣ ಅವ್ಯವಸ್ಥಿತವೆಂದು ಆತನು ತೀರ್ಮಾನಿಸಿದನು. ಕಂಠಪಾಠಕ್ಕಾಗಿ ಛಂದಸ್ಸಿನಲ್ಲಿ ರಚಿತವಾದ ಕೃತಿಯನ್ನು ತತ್ತ್ವಶಾಸ್ತ್ರೀಯ ವರ್ಗೀಕರಣದ ಅಳತೆಗೋಲಿನಿಂದ ಅಳೆದದ್ದು ನ್ಯಾಯವೆನ್ನಲಾಗದು.

ರೋಜೆಯ ಕೃತಿಯನ್ನು ಸಮಾನಾರ್ಥಕ ಪದಕೋಶವೆಂದು ಕರೆಯುವುದೂ ಅಷ್ಟು ಸಮರ್ಪಕವಲ್ಲ. ಎಲ್ಲ ಸಂದರ್ಭಗಳಲ್ಲೂ ಒಂದರ ಬದಲು ಇನ್ನೊಂದನ್ನು ಬಳಸಬಹುದಾದ ಎರಡು ಪದಗಳು ಸಿಗುವುದೇ ದುರ್ಲಭವೆಂಬುದು ಆತನ ನಿಲುವು. 'ಥಿನ್', 'ಸ್ಲಿಮ್', 'ಸ್ಕಿನ್ನಿ' ಮೂರೂ ತೆಳ್ಳಗಿನ ಮೈಯನ್ನೇ ಹೇಳುತ್ತವೆ. ಮೊದಲನೆಯದು ಬಹುಮಟ್ಟಿಗೆ ತಟಸ್ಥ, ಎರಡನೆಯದು ಮೆಚ್ಚುಗೆ, ಮೂರನೆಯದರಲ್ಲಿ ಬಡಕಲೆಂಬ ಧ್ವನಿ. 'ಆಸ್ಕ್' ಎಂಬ ದೇಸಿ ಪದ ಮನೆಮಾತಿನದು. ಲ್ಯಾಟಿನ್ ಮೂಲದ 'ಇಂಟರಾಗೇಟ್' ಆರೋಪಿಯನ್ನು ವಿಚಾರಣೆಗೊಳಪಡಿಸುವಂಥದ್ದು. ನೀರು, ಜಲ, ತೀರ್ಥಗಳ ಅಂತರವನ್ನು ಬಲ್ಲ ಕನ್ನಡಿಗನಿಗೆ ಈ ಸ್ತರಭೇದವನ್ನು ವಿವರಿಸಬೇಕಾಗಿಲ್ಲ. ಆದರೆ ಪರಭಾಷೆಯಲ್ಲಿ ಬರೆಯುವವನು ತಪ್ಪುವುದು ಇಲ್ಲಿಯೇ.

ಈ ಭೇದಗಳನ್ನು ವಿವರಿಸುವ ಪರಂಪರೆ ಇಂಗ್ಲಿಷಿನಲ್ಲಿ ಮೊದಲೇ ಇತ್ತು. ಹೆಸ್ಟರ್ ಪಿಯೋಟ್ಸಿ 1794ರಲ್ಲಿ, ಜಾರ್ಜ್ ಕ್ರ್ಯಾಬ್ 1816ರಲ್ಲಿ ಅಂಥ ಗ್ರಂಥಗಳನ್ನು ಪ್ರಕಟಿಸಿದ್ದರು. ರೋಜೆ ಉದ್ದೇಶಪೂರ್ವಕವಾಗಿಯೇ ಅದರಿಂದ ದೂರ ಉಳಿದನು. ಅದು ಇಡೀ ಆಯುಷ್ಯವನ್ನೇ ಬೇಡುವ ಪ್ರತ್ಯೇಕ ಅಧ್ಯಯನವೆಂದು ಆತನು ಭಾವಿಸಿದ್ದನು. ಹೀಗಾಗಿ ಪದಗಳನ್ನು ನೆರೆಹೊರೆಯಲ್ಲಿರಿಸಿ, ಆಯ್ಕೆಯನ್ನು ಓದುಗನ ಭಾಷಾಪ್ರಜ್ಞೆಗೆ ಬಿಟ್ಟನು. ಆ ಪ್ರಜ್ಞೆ ಇನ್ನೂ ಪಕ್ವವಾಗದ ವಿದ್ಯಾರ್ಥಿಗೆ ಈ ಮೌನ ದುಬಾರಿಯಾದದ್ದುಂಟು.

ತನ್ನ ಗ್ರಂಥಕ್ಕೆ ಪದಗಳನ್ನು ಸೇರಿಸುತ್ತಲೇ ಇದ್ದ ರೋಜೆ 1869ರ ಸೆಪ್ಟೆಂಬರ್ 12ರಂದು ವೆಸ್ಟ್ ಮಾಲ್ವರ್ನ್‌ನಲ್ಲಿ ನಿಧನನಾದನು. ಮಗ ಜಾನ್ ಲೂಯಿಸ್ 1879ರಲ್ಲಿ ಅಕಾರಾದಿ ಸೂಚಿಯನ್ನು ಬಹಳವಾಗಿ ವಿಸ್ತರಿಸಿ ಹೊಸ ಆವೃತ್ತಿ ತಂದನು. ಬಹುತೇಕ ಓದುಗರು ತಂದೆಯ ಆರು ವರ್ಗಗಳನ್ನು ಬಿಟ್ಟು ಆ ಸೂಚಿಯ ಮೂಲಕವೇ ಗ್ರಂಥವನ್ನು ಪ್ರವೇಶಿಸಿದರು.