ಹುಳಿಯನ್ನು ಸುಣ್ಣದಲ್ಲಿ ಹಿಡಿದ ಶೀಲೆ

ಮಕ್ಕಳೇ, ರಾಯಚೂರಿನ ಬೇಸಿಗೆಯಲ್ಲಿ ನಿಂಬೆ ಷರಬತ್ತು ಕುಡಿಯದವರು ಯಾರಿದ್ದಾರೆ? ನಿಂಬೆರಸದಲ್ಲಿ ಹುಳಿಯ ಜೊತೆಗೆ ನೀರು, ಸಕ್ಕರೆ ಮುಂತಾದ ಹಲವು ವಸ್ತುಗಳು ಬೆರೆತಿರುತ್ತವೆ. ಅದರಿಂದ ಹುಳಿಯನ್ನು ಮಾತ್ರ ಬೇರ್ಪಡಿಸುವುದು ಹೇಗೆ? ಈ ದಾರಿ ಕಂಡುಹಿಡಿದವನು ಸ್ವೀಡನ್ನಿನ ಔಷಧಿ ಅಂಗಡಿಗಳಲ್ಲಿ ದುಡಿದು ಬೆಳೆದ ಕಾರ್ಲ್ ವಿಲ್ಹೆಲ್ಮ್ ಶೀಲೆ.

ಶೀಲೆ ಹುಟ್ಟಿದ್ದು 1742ರ ಡಿಸೆಂಬರ್ 9ರಂದು, ಸ್ಟ್ರಾಲ್‌ಸುಂಡ್ ಎಂಬ ಊರಿನಲ್ಲಿ. ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಆ ಊರು ಈಗ ಜರ್ಮನಿಯಲ್ಲಿದೆ. ಹನ್ನೊಂದು ಮಕ್ಕಳಲ್ಲಿ ಇವನು ಏಳನೆಯವನು. ತಂದೆಯ ವ್ಯಾಪಾರ ಮುಳುಗಿತ್ತು. ಹದಿನಾಲ್ಕನೆಯ ವಯಸ್ಸಿಗೇ ಓದು ನಿಂತು, ಗೋಥೆನ್‌ಬರ್ಗ್ ನಗರದ ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಹಗಲು ಔಷಧಿ ಅರೆಯುವುದು, ರಾತ್ರಿ ಅಂಗಡಿಯಲ್ಲಿದ್ದ ರಸಾಯನ ಪುಸ್ತಕಗಳನ್ನು ಓದಿ ಪ್ರಯೋಗ ಮಾಡುವುದು. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲೇ ಇಲ್ಲ.

1770ರ ಸುಮಾರಿಗೆ ಅವನು ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಗಟ್ಟಿ ಪದರದಿಂದ ಟಾರ್ಟಾರಿಕ್ ಆಮ್ಲ ತೆಗೆದ. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ. ಆ ಉಪಾಯವನ್ನೇ 1784ರಲ್ಲಿ ನಿಂಬೆರಸಕ್ಕೂ ಬಳಸಿದ. ಬಿಸಿ ರಸಕ್ಕೆ ಸುಣ್ಣಕಲ್ಲಿನ ಜಾತಿಯ ಮೆದು ಬಿಳಿಕಲ್ಲಿನ ಪುಡಿ ಹಾಕಿದ. ನೊರೆ ಉಕ್ಕಿತು. ಹುಳಿ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಯಿತು. ಇದು ಬಿಸಿನೀರಿನಲ್ಲಿ ಸುಲಭವಾಗಿ ಕರಗದು. ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಹೀಗೆ ಕೂರುವ ಪುಡಿಗೆ ಒತ್ತರ ಎನ್ನುತ್ತಾರೆ. ಸಕ್ಕರೆ ಮೊದಲಾದವು ಮೇಲಿನ ನೀರಿನಲ್ಲೇ ಉಳಿದವು. ಆ ನೀರನ್ನು ಚೆಲ್ಲಿ ಒತ್ತರವನ್ನು ತೊಳೆದ.

ಈಗ ಹುಳಿ ಸುಣ್ಣದ ಕೈಯಲ್ಲಿ ಸಿಕ್ಕಿಬಿದ್ದಿದೆ. ಬಿಡಿಸುವುದು ಹೇಗೆ? ಶೀಲೆ ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿದ. ದೇವದುರ್ಗದ ಬಸ್ಸಿನಲ್ಲಿ ಬಲಶಾಲಿಯೊಬ್ಬ ಬಂದು, ಕುಳಿತವನನ್ನು ಎಬ್ಬಿಸಿ ತಾನೇ ಕುಳಿತಂತೆ, ಪ್ರಬಲವಾದ ಈ ಆಮ್ಲ ಕ್ಯಾಲ್ಸಿಯಂ ಪಕ್ಕದ ಜಾಗ ಹಿಡಿಯಿತು. ಇದೇ ಸ್ಥಾನಪಲ್ಲಟ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ಹೊಸ ಒತ್ತರವಾಗಿ ತಳ ಸೇರಿತು. ಬಿಡುಗಡೆಯಾದ ಸಿಟ್ರಿಕ್ ಆಮ್ಲ ನೀರಿಗೆ ಬಂತು. ಸೋಸಿ, ನೀರನ್ನು ಆವಿ ಮಾಡಿದಾಗ ಹರಳುಗಳು ಸಿಕ್ಕವು. (ನೀವು ಹಲಗೆಯ ಮೇಲೆ ಬರೆಯುವ ಚಾಕ್‌ಪೀಸ್ ಹೆಚ್ಚಾಗಿ ಈ ಜಿಪ್ಸಮ್ಮಿನದೇ!) ಸೇಬಿನ ಹುಳಿಗೆ ಮಾತ್ರ ಈ ಉಪಾಯ ಸಾಗಲಿಲ್ಲ. ಅದರ ಕ್ಯಾಲ್ಸಿಯಂ ಲವಣ ಕರಗಿಬಿಡುತ್ತದೆ. ಅಲ್ಲಿ ಸೀಸದ ಲವಣದ ಮೊರೆಹೋದ.

1771ರಲ್ಲಿ ಶೀಲೆ ಫ್ಲೋರ್‌ಸ್ಪಾರ್ ಎಂಬ ಕಲ್ಲಿಗೂ ಸಲ್ಫ್ಯೂರಿಕ್ ಆಮ್ಲ ಹಾಕಿ ಕಾಯಿಸಿದ್ದ. ಅದು ಕ್ಯಾಲ್ಸಿಯಂ ಫ್ಲೋರೈಡ್. ಇಲ್ಲೂ ಅದೇ ಸ್ಥಾನಪಲ್ಲಟ. ಹೊರಬಂದ ಆಮ್ಲ ಗಾಜನ್ನೇ ತಿಂದಿತು! ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಹೆಚ್ಚಾಗಿದ್ದು, ಮಕ್ಕಳ ಹಲ್ಲಿಗೆ ಕಂದು ಕಲೆ ತರುವುದೂ ಫ್ಲೋರೈಡೇ. ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು.

ಆಮ್ಲಜನಕವನ್ನೂ ಶೀಲೆ 1772ರ ಹೊತ್ತಿಗೇ ತಯಾರಿಸಿದ್ದ. ಆದರೆ ಅವನ ಪುಸ್ತಕ ಅಚ್ಚಾಗಿ ಬಂದಿದ್ದು 1777ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ 1774ರಲ್ಲಿ ಅದೇ ಅನಿಲವನ್ನು ಪಡೆದು ಪ್ರಕಟಿಸಿಬಿಟ್ಟಿದ್ದ. ಹೆಸರು ಹೆಚ್ಚಾಗಿ ಪ್ರೀಸ್ಟ್ಲಿಗೇ ಹೋಯಿತು. ನನಗಂತೂ ಇದು ಅನ್ಯಾಯವೆಂದೇ ತೋರುತ್ತದೆ. ಆದರೂ ಸ್ವೀಡನ್ನಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತ್ತು. ಅದೇ ವರ್ಷ ಅವನು ಶೋಪಿಂಗ್ ಎಂಬ ಸಣ್ಣ ಪಟ್ಟಣಕ್ಕೆ ಹೋಗಿ ಅಲ್ಲಿನ ಔಷಧಿ ಅಂಗಡಿ ವಹಿಸಿಕೊಂಡ. ದೊಡ್ಡ ನಗರಗಳಿಂದ ಕರೆ ಬಂದರೂ ಹೋಗಲಿಲ್ಲ.

ಹೊಸ ವಸ್ತು ಸಿಕ್ಕಾಗ ಮೂಸಿ ನೋಡುವುದು, ರುಚಿ ನೋಡುವುದು ಆ ಕಾಲದ ರೂಢಿ. ಶೀಲೆ ಭಯಂಕರ ವಿಷವಾದ ಪ್ರೂಸಿಕ್ ಆಮ್ಲದ ರುಚಿಯನ್ನೂ ಬರೆದಿಟ್ಟಿದ್ದಾನೆ! ನೀವು ಪ್ರಯೋಗದ ಯಾವ ವಸ್ತುವನ್ನೂ ನಾಲಿಗೆಗೆ ಮುಟ್ಟಿಸಬಾರದು. ಪಾದರಸ, ಆರ್ಸೆನಿಕ್‌ನಂಥ ವಿಷಗಳ ನಡುವೆಯೇ ಬದುಕಿದ ಅವನ ಆರೋಗ್ಯ ಕೆಟ್ಟಿತು. ಅಂಗಡಿಯ ಹಿಂದಿನ ಮಾಲೀಕನ ವಿಧವೆಗೆ ಆಸರೆಯಾಗಲೆಂದು ಸಾಯುವ ಕೆಲವೇ ದಿನ ಮೊದಲು ಅವಳನ್ನು ಮದುವೆಯಾಗಿ, ಆಸ್ತಿಯನ್ನು ಅವಳಿಗೆ ಬಿಟ್ಟ. 1786ರ ಮೇ 21ರಂದು ತೀರಿಕೊಂಡಾಗ ಅವನ ವಯಸ್ಸು 43.

ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಬಿಳಿ ಹರಳು ಸಿಟ್ರಿಕ್ ಆಮ್ಲವೇ. ಈಗ ಅದನ್ನು ನಿಂಬೆಯಿಂದಲ್ಲ, ಸಕ್ಕರೆ ದ್ರಾವಣದಲ್ಲಿ ಒಂದು ಬಗೆಯ ಕಪ್ಪು ಬೂಸ್ಟು ಬೆಳೆಸಿ ಮಾಡುತ್ತಾರೆ. ಆದರೆ ಆ ದ್ರಾವಣದಿಂದ ಹುಳಿಯನ್ನು ಬೇರ್ಪಡಿಸಲು ಅನೇಕ ಕಾರ್ಖಾನೆಗಳು ಇಂದಿಗೂ ಮೊದಲು ಸುಣ್ಣ, ನಂತರ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕುತ್ತವೆ.