ಗುಸ್ತಾವ್ ಹರ್ಮನ್ ಕೃಂಬಿಗಲ್

ಗುಸ್ತಾವ್ ಹರ್ಮನ್ ಕೃಂಬಿಗಲ್ (ಡಿಸೆಂಬರ್ 18, 1865 – ಫೆಬ್ರವರಿ 8, 1956) ಜರ್ಮನಿಯಲ್ಲಿ ಜನಿಸಿ, ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಸಸ್ಯಶಾಸ್ತ್ರಜ್ಞರು ಹಾಗೂ ಉದ್ಯಾನ ವಿನ್ಯಾಸಕಾರರು. ಬೆಂಗಳೂರಿನ ಲಾಲ್‌ಬಾಗ್ ಸಸ್ಯತೋಟದ ಅಭಿವೃದ್ಧಿ, ನಗರದ ಸಾಲುಮರಗಳು ಹಾಗೂ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲೂಕಿನಲ್ಲಿರುವ ಬೃಂದಾವನ ಉದ್ಯಾನದ ವಿನ್ಯಾಸದೊಡನೆ ಇವರ ಹೆಸರು ಸೇರಿಕೊಂಡಿದೆ.

ಜನನ ಮತ್ತು ಶಿಕ್ಷಣ

ಕೃಂಬಿಗಲ್ ಅವರು ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬಲ್ಲಿ ಜನಿಸಿದರು. ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆಯ ಶಿಕ್ಷಣ ಪಡೆದು, ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡಿದರು. 1888ರಲ್ಲಿ ಇಂಗ್ಲೆಂಡಿಗೆ ತೆರಳಿ ಲಂಡನ್ನಿನ ಹೈಡ್ ಪಾರ್ಕ್‌ನ ಹೂಪಾತಿಗಳನ್ನು ರೂಪಿಸಿದರು; ಅನಂತರ ಕ್ಯೂ ರಾಜೋದ್ಯಾನದಲ್ಲಿ ನೇಮಕಗೊಂಡರು. 1893ರಲ್ಲಿ ಬರೋಡ ಸಂಸ್ಥಾನದ ಆಹ್ವಾನದ ಮೇಲೆ ಭಾರತಕ್ಕೆ ಬಂದರು.

ಮನೆತನದ ಹೆಸರು

ಕೃಂಬಿಗಲ್ ಎಂಬುದು ಜರ್ಮನ್ ಕುಲನಾಮ. ಇದರ ಪೂರ್ವಪದಕ್ಕೆ ಜರ್ಮನ್ ಭಾಷೆಯಲ್ಲಿ 'ಬಾಗಿದ', 'ಡೊಂಕಾದ' ಎಂಬ ಅರ್ಥವಿದೆ. ಸ್ಯಾಕ್ಸನಿಯಲ್ಲಿ ಈ ಹೆಸರು ಇಂದಿಗೂ ಉಳಿದಿದೆ. ಲೈಪ್‌ಜಿಗ್‌ನ ಪ್ರಸಿದ್ಧ ಗಾಯಕ ಸೆಬಾಸ್ಟಿಯನ್ ಅವರದೂ ಇದೇ ಕುಲನಾಮ. ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಮತ್ತೊಬ್ಬ ಜರ್ಮನ್, ಯಹೂದಿ ಮೂಲದ ವಾಸ್ತುಶಿಲ್ಪಿ ಒಟ್ಟೋ ಕೋನಿಗ್ಸ್‌ಬರ್ಗರ್ ಅವರ ಹೆಸರು ಊರಿನಿಂದ ಬಂದದ್ದು. ಅದಕ್ಕೆ ಕೋನಿಗ್ಸ್‌ಬರ್ಗ್ ಪಟ್ಟಣದವರು ಎಂದರ್ಥ. ನಾಗಮಂಗಲ ತಾಲೂಕಿನ ಬೆಳ್ಳೂರು, ಕೃಷ್ಣರಾಜಪೇಟೆ ತಾಲೂಕಿನ ಕಿಕ್ಕೇರಿಗಳು ಬಿ.ಎಂ.ಶ್ರೀಕಂಠಯ್ಯ, ಕೆ.ಎಸ್.ನರಸಿಂಹಸ್ವಾಮಿ ಅವರ ಹೆಸರುಗಳಲ್ಲಿ ಮೊದಲಕ್ಷರವಾಗಿ ನಿಂತಿರುವುದನ್ನು ಇದರೊಡನೆ ಹೋಲಿಸಬಹುದು. ನಮ್ಮಲ್ಲಿ ಊರು ಹೆಸರಿನ ಮುಂದೆ ಬಂದರೆ, ಅವರಲ್ಲಿ ಕೊನೆಗೆ ಬರುತ್ತದೆ.

ಮೈಸೂರು ಸಂಸ್ಥಾನದ ಸೇವೆ

1908ರಲ್ಲಿ ಕೃಂಬಿಗಲ್ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಜಾನ್ ಕ್ಯಾಮೆರಾನ್ ಅವರ ತರುವಾಯ ಲಾಲ್‌ಬಾಗ್‌ನ ಹೊಣೆ ಹೊತ್ತರು. ಹೊರದೇಶಗಳ ಸಸ್ಯತೋಟಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯವನ್ನು ಬೆಳೆಸಿದರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ, ವರ್ಷದ ಎಲ್ಲ ಋತುಗಳಲ್ಲಿಯೂ ಬೀದಿಗಳಲ್ಲಿ ಹೂವಿರುವಂತೆ ಮರಗಳನ್ನು ಆರಿಸಿ ನೆಡಿಸುವುದು ಇವರ ಕ್ರಮವಾಗಿತ್ತು. 1932ರಲ್ಲಿ ನಿವೃತ್ತರಾದರು. ಇವರ ಬಳಿಕ ಎಚ್.ಸಿ.ಜವರಾಯ ಅವರು ಈ ಪರಂಪರೆಯನ್ನು ಮುಂದುವರಿಸಿದರು.

ಬೃಂದಾವನ ಉದ್ಯಾನ

ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟಿದ ಕೃಷ್ಣರಾಜಸಾಗರದ ಹಿನ್ನೀರು ಪಾಂಡವಪುರ, ಕೃಷ್ಣರಾಜಪೇಟೆ ತಾಲೂಕುಗಳ ಕಡೆಗೂ ಹರಡಿದೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಅಣೆಕಟ್ಟೆಯ ಕೆಳಗೆ 1927ರಲ್ಲಿ ಉದ್ಯಾನದ ಕೆಲಸ ಆರಂಭವಾಗಿ 1932ರಲ್ಲಿ ಪೂರ್ಣಗೊಂಡಿತು. ಸುಮಾರು 60 ಎಕರೆಯ ಈ ತೋಟವು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಎತ್ತರದಿಂದ ತಗ್ಗಿಗೆ ಹರಿಯುವ ನೀರನ್ನೇ ಕಾಲುವೆ, ಕಾರಂಜಿಗಳಿಗೆ ಬಳಸಿಕೊಂಡಿರುವುದು ಇದರ ವೈಶಿಷ್ಟ್ಯ. ಇದರ ವಿನ್ಯಾಸದಲ್ಲಿ ಕೃಂಬಿಗಲ್ ಅವರ ಪಾತ್ರ ಹಿರಿದು.

ಯುದ್ಧಕಾಲ ಮತ್ತು ಕೊನೆಯ ದಿನಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎಪ್ಪತ್ತು ದಾಟಿದ್ದ ಕೃಂಬಿಗಲ್ ಅವರನ್ನು ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿತು. ಈ ನಾಡಿಗೆ ಅವರು ಮೂರು ದಶಕಗಳಿಗೂ ಮೀರಿ ದುಡಿದಿದ್ದುದು ಆಗ ಗಣನೆಗೆ ಬರಲಿಲ್ಲ. ನಾಟ್ಸಿ ಆಡಳಿತದಲ್ಲಿ ನೆಲೆ ಕಳೆದುಕೊಂಡ ಕೋನಿಗ್ಸ್‌ಬರ್ಗರ್ ಅವರು 1939ರಿಂದ ಇದೇ ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದರು. ಒಬ್ಬರಿಗೆ ತಾಯ್ನಾಡಿನಲ್ಲಿ ಹುಟ್ಟು ಅಪರಾಧವಾದರೆ, ಇನ್ನೊಬ್ಬರಿಗೆ ಆಶ್ರಯದ ನಾಡಿನಲ್ಲಿ ಅದೇ ಅಪರಾಧವಾಯಿತು. ಯುದ್ಧಾನಂತರವೂ ಕೃಂಬಿಗಲ್ ಅವರು ಬೆಂಗಳೂರನ್ನು ಬಿಡಲಿಲ್ಲ. ತಮ್ಮ 90ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಅವರ ಸಮಾಧಿ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿದೆ.

ಸ್ಮರಣೆ

ಲಾಲ್‌ಬಾಗ್‌ನ ಪಕ್ಕದ ರಸ್ತೆಗೆ ಕೃಂಬಿಗಲ್ ರಸ್ತೆ ಎಂದು ಹೆಸರಿಡಲಾಗಿದೆ. ತೋಟದೊಳಗೆ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣವು 2017ರಲ್ಲಿ ಕುಸಿಯಿತು. ಕರ್ನಾಟಕದಲ್ಲಿ ಈ ಕುಲನಾಮವು ಮನೆತನದ ಹೆಸರಾಗಿ ಅಲ್ಲದೆ ರಸ್ತೆಯ ಹೆಸರಾಗಿಯೇ ಜನರಿಗೆ ಪರಿಚಿತವಾಗಿದೆ.